ಕೆಸರು ಹಿಂಡುವ ಹಿಂಡಪ್ಪನವರು

ಕಲ್ಲಿದ್ದಲು ತೊಳೆದು ಮಿಕ್ಕ ಕರಿಯ ಕೆಸರನ್ನು ಹಿಂಡಿ ಒಣ ಬಿಲ್ಲೆ ಮಾಡುವ ಯಂತ್ರದ ಮೇಸ್ತ್ರಿಗೆ ಕಾರ್ಖಾನೆಯವರೆಲ್ಲ ಹಿಂಡಪ್ಪನವರೆಂದು ಹೆಸರಿಟ್ಟಿದ್ದಾರೆ. ಸೃಷ್ಟಿಕರ್ತನು ನೀರನ್ನೂ ನೆಲವನ್ನೂ ಬೇರೆ ಮಾಡುವ ಕೆಲಸವನ್ನು ಅರ್ಧಕ್ಕೇ ಬಿಟ್ಟು ವಿಶ್ರಮಿಸಿದನೆಂದೂ, ಬಾಕಿಯನ್ನು ತಮ್ಮ ತಲೆಗೆ ಕಟ್ಟಿದನೆಂದೂ ಅವರ ದೃಢವಾದ ನಂಬಿಕೆ. ಆ ದಯಾಮಯನು ಇದನ್ನು ಕೇಳಿ ನಕ್ಕಿರಲೇಬೇಕು. ಯಂತ್ರದಿಂದ ಬಿದ್ದ ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಚುಕಿ, ಒಂದು ಹನಿ ಜಿನುಗಿದರೂ "ಇದಿನ್ನೂ ಅಳ್ತಾ ಇದೆ, ಮತ್ತೆ ಒಳಗೆ ಹಾಕ್ರೋ" ಎನ್ನುತ್ತಾರೆ. ಮನೆಯಲ್ಲೂ ಒಗೆದ ಬಟ್ಟೆಯನ್ನು ಎರಡನೇ ಸಲ ಹಿಂಡಿ ಹರಿದುಹಾಕಿ, "ಇನ್ನು ನನ್ನ ಕತ್ತೊಂದು ಬಾಕಿ, ಅದನ್ನೂ ಹಿಂಡಿಬಿಡಿ" ಎಂದು ಹೆಂಡತಿಯಿಂದ ಬೈಸಿಕೊಳ್ಳುತ್ತಾರೆ. ಕೆಸರು ಸೋಸುವ ಬಟ್ಟೆ ಹರಿದು ಯಂತ್ರ ನಿಂತಾಗಲೆಲ್ಲ ಮ್ಯಾನೇಜರು ಓಡಿಬಂದು, "ಇವತ್ತೊಂದಿನ ಕೆಸರನ್ನ ಹಾಗೇ ಹಳೇ ಹೊಂಡಕ್ಕೆ ಬಿಟ್ಬಿಡಿ ಮೇಸ್ತ್ರೀ, ಏನಾಗತ್ತೆ?" ಎಂದು ಗೋಗರೆಯುತ್ತಾರೆ. ಹಸಿ ಕೆಸರು ತುಂಬಿನಿಂತ, ಗುಡ್ಡದ ಮೇಲಿನ ಆ ಹೊಂಡದ ಮಣ್ಣಿನ ಏರಿ ಈಗಾಗಲೇ ಉಬ್ಬಿಕೊಂಡಿದೆ. ಅದು ಒಡೆದರೆ ಕೆಳಗಿನ ಕೂಲಿಮನೆಗಳ ಸಾಲಿಗೆ ಸಾಲೇ ಕೆಸರಿನಡಿ ಹೂತುಹೋಗುತ್ತದೆ. "ನಿಮ್ಮ ಅತ್ತೆ-ಮಾವನ್ನ ಕೆಳಗೆ ಮಲಗಿಸಿ, ಆಮೇಲೆ ಕೇಳಿ" ಎಂದು ಹಿಂಡಪ್ಪನವರು ಸೂಜಿ ಹಿಡಿದು ಬಟ್ಟೆ ಹೊಲಿಯಲು ಕೂರುತ್ತಾರೆ. "ಅತ್ತೆ ವಿಷಯ ಯೋಚನೆ ಮಾಡ್ಬಹುದು" ಎಂದು ಮ್ಯಾನೇಜರು ಗೊಣಗಿದರೂ ಕೊನೆಗೆ ಸೋಲುತ್ತಾರೆ. ಇಂಥ ಹಠಮಾರಿ ಮೂರು ಲೋಕದಲ್ಲೂ ಇಲ್ಲವೆಂದು ಜನ ಆಡಿಕೊಳ್ಳುವುದು ಸುಳ್ಳಲ್ಲ. ಆದರೆ ಮೇಸ್ತ್ರಿಯಾದಾಗ ಕಾರ್ಖಾನೆ ಕೊಟ್ಟ ಗಾಳಿಬೆಳಕಿನ ಮನೆಯನ್ನು ಒಲ್ಲೆನೆಂದು, ಏರಿಯ ಬುಡದ ಮೊದಲನೇ ಕೂಲಿಮನೆಗೆ ಹೆಂಡತಿಯನ್ನೂ ಹಾಸಿಗೆ ಹಿಡಿದ ತಾಯಿಯನ್ನೂ ಕರೆತಂದವರು ಅವರೇ. "ಕೆಳಗೆ ಬರೀ ಬೇರೆಯವರೇ ಇದ್ರೆ, ಒಂದಲ್ಲ ಒಂದಿನ ನನಗೂ ಸೋಮಾರಿತನ ಬಂದ್ಬಿಡತ್ತೆ ಕಣೇ" ಎಂದು ಅಂದು ಹೆಂಡತಿಗೆ ಹೇಳಿದ್ದರು.