ಬುಟ್ಟಿ ಬಿಡಿ ಮಾರಾಯ್ರೆ

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಕಟ್ಟಡದ ಕೆಳಗೆ ಉಡುಪಿ ಕಡೆಯವರೊಬ್ಬರು ದಿನಸಿ ಅಂಗಡಿ ಇಟ್ಟಿದ್ದರು. ಮೂರನೇ ಮಹಡಿಯ ಕಿಟಕಿಯಿಂದ ನಾನು ಬೇಕಾದ್ದನ್ನು ಕೂಗಿದರೆ, ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿ, "ಬುಟ್ಟಿ ಬಿಡಿ ಮಾರಾಯ್ರೆ" ಎನ್ನುತ್ತಿದ್ದರು. ಹಗ್ಗ ಕಟ್ಟಿದ ಬುಟ್ಟಿ ಇಳಿಸುತ್ತಿದ್ದೆ. ಅವರು ಸಾಮಾನು ಹಾಕಿ ಹಗ್ಗ ಜಗ್ಗಿದರೆ ಎಳೆದುಕೊಳ್ಳಿ ಎಂದರ್ಥ.

ಆಮೇಲೆ ಕಟ್ಟಡದವರೆಲ್ಲ ಆ್ಯಪ್ ಹಿಡಿದರು, ಬುಟ್ಟಿಗಳು ಮೂಲೆ ಸೇರಿದವು. ಒಂದು ದಿನ ನಾನೂ ರಿಯಾಯಿತಿಯ ಆಸೆಗೆ ಆ್ಯಪಿನಲ್ಲಿ ತೆಂಗಿನಕಾಯಿ ತರಿಸಿದೆ. ಆರ್ಡರ್ ಹೋದ ಅಂಗಡಿ ಯಾವುದೆಂದು ನೋಡಿದರೆ ಇವರದೇ! ಕಿಟಕಿಯಿಂದ ಬಗ್ಗಿದೆ. ಅವರು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು.

"ಅದು ನನ್ನದೇ ಆರ್ಡರ್. ಬುಟ್ಟಿ ಬಿಡ್ಲಾ?"

"ಬೇಡ ಸರ್. ನಾನೇ ಕೊಟ್ರೆ ಕಂಪನಿಯವರು ನನ್ನ ಅಂಗಡಿ ಆ್ಯಪಿನಿಂದ ತೆಗ್ದು ಹಾಕ್ತಾರೆ. ಡೆಲಿವರಿಯವ ಸ್ಟೇಷನ್ ಹತ್ರ ಇದ್ದಾನಂತೆ."

ಅಲ್ಲಿಯವರೆಗೆ ನಾನು ಅವರಿಗೆ ಸರ್ ಆಗಿರಲಿಲ್ಲ.

ಅವರು ಕೆಳಗೆ, ನಾನು ಮೇಲೆ, ಇಬ್ಬರೂ ಫೋನ್ ನೋಡುತ್ತ ಅರ್ಧ ಗಂಟೆ ಕಾದೆವು. ಡೆಲಿವರಿಯವ ಬೈಕಿನಲ್ಲಿ ಬಂದು ಚೀಲ ತೆಗೆದುಕೊಂಡ. ನಮ್ಮ ಲಿಫ್ಟ್ ಕೆಟ್ಟಿತ್ತು. "ಅಂಕಲ್, ನೀಚೆ ಆವೋ ನಾ!" ಎಂದು ನನ್ನನ್ನೇ ಕೆಳಗೆ ಕರೆದ. ಅಂಗಡಿಯವರು ಅವನ ಕೈಯಿಂದ ಚೀಲ ಇಸಿದುಕೊಂಡು, ಹಣೆಗೆ ಕೈ ಹಿಡಿದು ಮೇಲೆ ನೋಡಿದರು.

"ಈಗ ಬುಟ್ಟಿ ಬಿಡಿ ಮಾರಾಯ್ರೆ!"

ಹಗ್ಗ ಜಗ್ಗಿತು. ಕಾಯಿ ಒಳಗೆ ಬಂದದ್ದೇ, ಡೆಲಿವರಿ ಹೇಗಿತ್ತು ಎಂದು ಫೋನ್ ಕೇಳಿತು. ಐದು ಸ್ಟಾರ್ ಒತ್ತಿದೆ. ಕೆಳಗೆ ಬೈಕಿನವನ ಫೋನ್ ಟಿಂಗ್ ಎಂದಿತು. ಅಂಗಡಿಯವರು ತಮ್ಮ ಫೋನನ್ನೂ ತೆಗೆದು ನೋಡಿದರು. ಅದು ಸುಮ್ಮನಿತ್ತು.