ಕಿಟಕಿಯಿಂದ ಹಾಕಿದ ದಸ್ತಿ

ಮೊನ್ನೆ ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಕಿಟಕಿಯಿಂದ ದಸ್ತಿ ಎಸೆದು ಸೀಟು ಹಿಡಿದರು. ಕರವಸ್ತ್ರಕ್ಕೆ ನಮ್ಮ ಕಡೆ ದಸ್ತಿ ಎನ್ನುತ್ತಾರೆ. ಅದು ಬಿದ್ದ ಸೀಟಿನಲ್ಲಿ ಬೇರೆಯವರು ಕೂಡುವುದಿಲ್ಲ. ಅಂಗೈಯಗಲ ಬಟ್ಟೆಗೆ ಇಂಥ ದರ್ಬಾರು ಬೇರೆ ಸೀಮೆಯಲ್ಲಿದೆಯೋ ಇಲ್ಲವೋ ನಾನರಿಯೆ. ನಗಬೇಡಿ, ಎಂಬತ್ತರ ದಶಕದಲ್ಲಿ ನಾನು ಪ್ರೀತಿಯನ್ನೂ ಹೀಗೇ ಹಿಡಿಯಲು ಹೋಗಿದ್ದೆ.

ಆಗ ಮಸ್ಕಿಯಿಂದ ಸಿಂಧನೂರಿನ ಕಾಲೇಜಿಗೆ ಹೋಗುತ್ತಿದ್ದೆ. ಲಿಂಗಸುಗೂರಿನ ಬಸ್ಸು ಮಸ್ಕಿ ಮುಟ್ಟುವಷ್ಟರಲ್ಲಿ ತುಂಬಿರುತ್ತಿತ್ತು. ಅಲ್ಲಿ ಖಾಲಿಯಾಗುವ ಒಂದೆರಡು ಸೀಟಿಗೆ ದಸ್ತಿ ಹಾಕುವುದರಲ್ಲಿ ನಾನು ಪಳಗಿದವ, ಓದಿನಲ್ಲಿ ಅಷ್ಟಕ್ಕಷ್ಟೆ. ಒಂದು ದಿನ ಸಹಪಾಠಿ ಶಾರದಾಳಿಗೂ ಸೀಟು ಹಿಡಿದೆ. "ಥ್ಯಾಂಕ್ಸ್ ರೀ" ಎಂದಳು. ಅಷ್ಟು ಸಾಕಾಯಿತು. ತಿಂಗಳುಗಟ್ಟಲೆ ಹಿಡಿದೆ. ಆಕೆಯೇ ನನ್ನವಳೆಂದು ನಾನೊಬ್ಬನೇ ತೀರ್ಮಾನಿಸಿಯೂ ಬಿಟ್ಟೆ.

ಒಂದು ಬೆಳಿಗ್ಗೆ ಆಕೆ ನಾನು ಹಿಡಿದ ಸೀಟು ಬಿಟ್ಟು ಹಿಂದಿನ ಸೀಟಿನಲ್ಲಿ ಇನ್ನೊಬ್ಬ ಸಹಪಾಠಿಯ ಪಕ್ಕ ಕುಳಿತು ನೋಟ್ಸ್ ನೋಡತೊಡಗಿದಳು. ನಾನು ಹೋಗಿ ಕೈ ಹಿಡಿದೆಳೆದೆ. "ಬ್ಯಾಡ, ಬಿಡ್ರೀ" ಎಂದಳು. ಬಿಡಲಿಲ್ಲ. ಎರಡು ಗಾಜಿನ ಬಳೆ ಒಡೆದವು.

ಕಂಡಕ್ಟರ್ ಹುಸೇನ್ ಚಾಚಾ ಸೀಟಿ ಊದಿ ಬಸ್ಸು ನಿಲ್ಲಿಸಿದರು. ಸಿಟ್ಟೆಂಬುದೇ ಗೊತ್ತಿಲ್ಲದ ಮನುಷ್ಯ. ನನ್ನನ್ನು ಕೆಳಗಿಳಿಸಿ, ದಸ್ತಿಯನ್ನು ಕೈಗಿಟ್ಟರು.

"ಇದನ್ನ ಹಾಕಿದ್ರ ಸೀಟ್ ಸಿಗ್ತೈತಿ ಬೇಟಾ, ಮನಷಾರು ಸಿಗಂಗಿಲ್ಲ. ಆಕಿ ಬ್ಯಾಡಂದ್ಲು, ಮುಗೀತು."

"ಪ್ರೀತಿ ಮಾಡ್ತೀನಿ ಚಾಚಾ," ಎಂದೆ, ಅಳುತ್ತ.

"ಹೆದರಿಸಾದು ಪ್ರೀತಿ ಏನಲೇ? ಈ ಸುದ್ದಿ ಮನಿ ಮುಟ್ಟಿದ್ರ ಆಕಿ ಕಾಲೇಜ್ ಬಿಡಿಸ್ತಾರ. ತಪ್ಪು ನಿಂದು, ಬಸ್ ಬಿಡಾವ ನೀನ. ನಾಳಿಂದ ಆರರ ಬಸ್ಸಿಗೆ ಹೋಗು."

ಪಿಯುಸಿ ಮುಗಿಯುವ ತನಕ ಆರರ ಬಸ್ಸಿಗೇ ಹೋದೆ. ಶಾರದಾಳ ಓದು ನಿಲ್ಲಲಿಲ್ಲ. ಚಾಚಾ ಕಂಡಲ್ಲೆಲ್ಲ ನನಗೆ ಚಾ ಕುಡಿಸಿದರು, ಒಮ್ಮೆಯೂ ಆ ಮಾತೆತ್ತಲಿಲ್ಲ. ಎಂಥ ಮನುಷ್ಯ! ಈಗಲೂ ನೆನೆದರೆ ಎದೆ ತುಂಬುತ್ತದೆ.

ಮೇಷ್ಟ್ರಾದ ಮೇಲೆ ಪ್ರತಿ ವರ್ಷ ಹತ್ತನೇ ತರಗತಿಯ ಮಕ್ಕಳಿಗೆ ದಸ್ತಿ ತೋರಿಸಿ ಈ ಕಥೆ ಹೇಳುತ್ತೇನೆ. ಚಾಚಾ ಬೈದದ್ದನ್ನು ಅವರಂತೆಯೇ ಬೈದು ತೋರಿಸುತ್ತೇನೆ. ಮಕ್ಕಳು ನಗುತ್ತಾರೆ, ನಾನೂ ನಗುತ್ತೇನೆ. ಈ ಸಲ ಒಬ್ಬ ಹುಡುಗಿ ನಗದೆ ಎದ್ದು ನಿಂತಳು.

"ಸರ್, ಆಕಿ ಕೈಗೆ ಬಳಿ ಚುಚ್ಚಿತ್ತೇನ್ರಿ?"

ನನಗೆ ಗೊತ್ತಿರಲಿಲ್ಲ. ನಾನು ಅತ್ತದ್ದು, ಬೈಸಿಕೊಂಡದ್ದು, ಆರರ ಬಸ್ಸಿನ ಚಳಿ ಎಲ್ಲ ನೆನಪಿತ್ತು. ಇಷ್ಟು ವರ್ಷ ಪಾಠ ಹೇಳಿದವನು ಆ ಕೈಯನ್ನು ನೋಡಿರಲೇ ಇಲ್ಲ. ಬಹಳ ನಾಚಿಕೆಯಾಯಿತು.

"ನೋಡ್ಲಿಲ್ಲವ್ವಾ," ಎಂದೆ. "ನೋಡಬೇಕಿತ್ತು."

ಇದಾಗಿ ವಾರ ಕಳೆದಿರಲಿಲ್ಲ. ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಆ ದಸ್ತಿ ಸೀಟಿನ ಮೇಲೆ ಬಿದ್ದಾಗ ಮೊದಲು ನೆನಪಾದದ್ದು ಶಾರದಾಳ ಕೈ. ಚಾಚಾ ನೆನಪಿಗೆ ಬಂದದ್ದು ಆಮೇಲೆ.