ಚಿತ್ರ ಆಕೆಯದು, ಸಹಿ ಯಾರದು?

ಬೆಳಗಿನ ಆರೂಕಾಲು. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ಮಗ್ಗದ ಕಾರಖಾನೆಯ ಮುಂದೆ ದ್ವಾರಕಾ ಬಾಯಿ ನಿಂತಿದ್ದಾರೆ. ಒಳಗಿನ ಖಟಖಟ ಸದ್ದಿಗೆ ಗೇಟಿನ ತಗಡೂ ನಡುಗುತ್ತಿದೆ. ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಪ್ಲಾಸ್ಟಿಕ್ ಚೀಲದೊಳಗಿಟ್ಟ, ಸಹಿಯಾಗದ ಒಂದೇ ಒಂದು ಹಾಳೆ. ಪಾಳಿ ಬದಲಾಗುವ ಹೊತ್ತು. ಒಳಗೆ ಹೋಗುವ ಪ್ರತಿ ಹೆಂಗಸಿನ ಮುಖವನ್ನೂ ಅವರು ಹುಡುಕಿ ನೋಡುತ್ತಾರೆ. ಬೇಕಾದ ಮುಖ ಮಾತ್ರ ಕಾಣುವುದಿಲ್ಲ.

"ಹತ್ತು ಗಂಟೇಕ ಗಡುವು ಮುಗೀತು ನೋಡ್ರಿ. ಅಷ್ಟರಾಗ ಅಕ್ಕನಾಗಮ್ಮನ ಸಹಿ ಸಿಗಲಿಲ್ಲಂದ್ರ ಆಕಿ ಫೋಟೋ ತಗದು ಒಗೀತಾರ," ಎನ್ನುತ್ತಾರೆ.

ಒಗೆಯುವವರು ಯಾರೆಂದು ಹೇಳಬೇಕು. ಯಾರು ಬೇಕಾದರೂ ಬರೆದು ತಿದ್ದಬಹುದಾದ ಒಂದು ವಿಶ್ವಕೋಶ ಅಂತರಜಾಲದಲ್ಲಿದೆ. ವಿಜಾಪುರ ರಸ್ತೆಯಲ್ಲಿ ವಾಸವಿರುವ, ಕಚೇರಿಯೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಗುಮಾಸ್ತೆಯಾಗಿರುವ ನಲವತ್ತೇಳರ ದ್ವಾರಕಾ ಬಾಯಿ ಆರು ವರ್ಷಗಳಿಂದ ಅದಕ್ಕೆ ಚಿತ್ರ ಕೊಡುತ್ತಿದ್ದಾರೆ. ಸಂಬಳವಿಲ್ಲ, ಸನ್ಮಾನವಿಲ್ಲ. ಕಚೇರಿಗೆ ಹೋಗುವ ಮುಂಚಿನ ಎರಡು ತಾಸು ಅವರ ಕೆಲಸದ ವೇಳೆ. ಈವರೆಗೆ ಹಾಕಿದ್ದು ನಾನೂರ ಹನ್ನೆರಡು ಚಿತ್ರ, ಎಲ್ಲವೂ ದುಡಿಯುವ ಹೆಂಗಸರವು. ಅರವತ್ತೊಂದನ್ನು ಅಲ್ಲಿನ ಪರಿಶೀಲಕರು ಅಳಿಸಿದ್ದಾರೆ.

ಈ ಸಹಿಯ ಗಡಿಬಿಡಿ ಶುರುವಾದದ್ದು ಆ ವಿಶ್ವಕೋಶದಲ್ಲಿರುವ ಮಗ್ಗದ ಬಗೆಗಿನ ಲೇಖನದಿಂದ. "ಹದಿಮೂರು ಫೋಟೋ ಇದ್ದೂರಿ. ಹನ್ನೊಂದು ಗಂಡಸರವು. ಉಳದದ್ದು ಎರಡು. ಒಬ್ಬಾಕಿ ಚಾದರ ಹೊತಗೊಂಡು ನಗತಾಳ, ಇನ್ನೊಬ್ಬಾಕಿದು ಬರೇ ಕೈ ಅದ. ಈ ಊರಾಗ ಹುಟ್ಟಿ ಬೆಳದಾಕಿ ನಾನು. ಏಕದಮ್ ಸಿಟ್ಟು ಬಂತು," ಎನ್ನುವಾಗ ಆ ಸಿಟ್ಟು ಇನ್ನೂ ಆರಿಲ್ಲವೆಂದು ಗೊತ್ತಾಗುತ್ತದೆ.

ಸಿಟ್ಟು ಬಂದರೂ ಚಿತ್ರ ಸಿಗಬೇಕಲ್ಲ! ಇಲ್ಲಿನ ಕಾರಖಾನೆಗಳಲ್ಲೊಂದು ರೂಢಿಯಿದೆ. ಕ್ಯಾಮೆರಾ ಬಂತೆಂದರೆ ಹೆಂಗಸರು ತಾವಾಗಿಯೇ ಪಕ್ಕಕ್ಕೆ ಸರಿಯುತ್ತಾರೆ. ಯಾರೋ ಒಬ್ಬ ಗಂಡಸು ಬಂದು ಮಗ್ಗದ ಮೇಲೆ ಕೈಯಿಟ್ಟು ನಿಲ್ಲುತ್ತಾನೆ. ಆತ ಲೆಕ್ಕ ಬರೆಯುವವನಾದರೂ ನಡೆಯುತ್ತದೆ. ಹಾಗಾಗಿ ದ್ವಾರಕಾ ಬಾಯಿ ಮೊದಲ ಹತ್ತು ಸಲ ಕ್ಯಾಮೆರಾ ಇಲ್ಲದೆ ಬರಿಗೈಲಿ ಹೋಗಿ, ಮಾತಾಡಿ, ಚಹಾ ಕುಡಿದು ಬಂದರು. ಹನ್ನೊಂದನೆಯ ಸಲ, ಅಲ್ಲಿ ಮಗ್ಗ ನಡೆಸುವ ಅಕ್ಕನಾಗಮ್ಮ ಹರಿದ ಎಳೆಯನ್ನು ಕಟ್ಟುತ್ತಿದ್ದಾಗ ಚಿತ್ರ ತೆಗೆದರು. ನೋಡಿದ ಅಕ್ಕನಾಗಮ್ಮ "ಹಾಕ್ರಿ ಬಾಯಾರ" ಎಂದರು. ಲೇಖನದ ಮೊದಲ ಚಿತ್ರವಾಗಿ ಅದು ಏರಿತು.

ಏರಿದ್ದೇ ತಡ, ತಕರಾರು. "ಹೆಂಗಸು ಮಗ್ಗ ನಡೆಸುವುದು ಅಪರೂಪ, ಇದು ಮೊದಲ ಚಿತ್ರವಾಗಲು ತಕ್ಕದ್ದಲ್ಲ" ಎಂದ ಒಬ್ಬ ಪರಿಶೀಲಕ. ದ್ವಾರಕಾ ಬಾಯಿ ಐದು ಕಾರಖಾನೆಗಳ ಗೇಟಿನಲ್ಲಿ ವಾರವಿಡೀ ನಿಂತು ಎಣಿಸಿದರು: ಇನ್ನೂರ ಹನ್ನೆರಡು ಗಂಡಸರು, ನೂರಾ ನಲವತ್ಮೂರು ಹೆಂಗಸರು. ಆ ವಾದ ಗೆದ್ದರು. ಸೋತದ್ದು ಬೇರೆ ಕಡೆ. ಚಿತ್ರದಲ್ಲಿರುವವರ ಒಪ್ಪಿಗೆ ಪತ್ರ ಎಲ್ಲಿ ಎಂದು ಪರಿಶೀಲಕರು ಕೇಳಿದರು. ಹಾಳೆ ಅಕ್ಕನಾಗಮ್ಮನ ಮನೆಗೆ ಹೋಗಿ, ಸಹಿಯಾಗಿ ಬಂತು, ಹಾಗೆಯೇ ಮೇಲೇರಿತು. ಮರುದಿನ ಪರಿಶೀಲಕನ ಪ್ರಶ್ನೆ: ಚಿತ್ರದಲ್ಲಿರುವುದು ಮಹಿಳೆ, ಒಪ್ಪಿಗೆ ಕೊಟ್ಟ ಶಂಕರೆಪ್ಪ ಯಾರು?

ಗಂಡ. ರೇಷನ್ನು, ಬ್ಯಾಂಕು, ಶಾಲೆಯ ದಾಖಲೆ, ಆ ಮನೆಯ ಪ್ರತಿ ಕಾಗದಕ್ಕೂ ಸಹಿ ಅವರದೇ. ಇದಕ್ಕೂ ಮಾಡಿದ್ದರು. ಅಕ್ಕನಾಗಮ್ಮನಿಗೆ ಅದು ವಿಚಿತ್ರವೆನಿಸಲಿಲ್ಲ. ದ್ವಾರಕಾ ಬಾಯಿಗೂ ಅನಿಸಲಿಲ್ಲ.

"ಅದ ನನಗ ಚುಚ್ಚತದರಿ. ಹೆಂಗಸರ ಫೋಟೋ ಯಾಕಿಲ್ಲ ಅಂತ ಜಗಳಾ ಮಾಡಾಕಿ ನಾನು. ಆಫೀಸಿನ್ಯಾಗ ದಿನಾ ಇಂಥಾವ ಅರ್ಜ ತಗೋತೀನಿ. ಗಂಡನ ಸಹಿ ಕಂಡ್ರ ಬರೋಬ್ಬರ ಅದ ಅಂತ ಕಾಗದದ ಮ್ಯಾಲ ಸಿಕ್ಕಾ ಹೊಡೀತೀನಿ. ಕಣ್ಣಿಗೇ ಬೀಳಲಿಲ್ಲ," ಎಂದು ಅವರು ನೆಲ ನೋಡುತ್ತಾರೆ. ಗಂಡನ ಸಹಿಯಿದ್ದ ಆ ಹಾಳೆಯನ್ನು, ಅವರ ಬಗ್ಗೆ ಬರೆಯಲು ಬಂದ ನಾನೂ ಹಿಂದಿನ ದಿನ ನೋಡಿದ್ದೆ; ನನ್ನ ಕಣ್ಣಿಗೂ ಬಿದ್ದಿರಲಿಲ್ಲ.

ಅಕ್ಕನಾಗಮ್ಮ ರಜೆ ಹಾಕಿ ತಮ್ಮೂರು ನಾಗಣಸೂರಿಗೆ ಹೋಗಿದ್ದಾರೆಂದು ಗೇಟಿನಲ್ಲಿ ತಿಳಿಯುತ್ತದೆ. ಅಲ್ಲಿಂದ ಓಟ. ಅಕ್ಕಲಕೋಟದ ಬಸ್ಸು, ಆಮೇಲೆ ಹದಿನಾಲ್ಕು ಮಂದಿ ತುಂಬಿದ ಜೀಪು. ದಾರಿಯುದ್ದಕ್ಕೂ ಅವರು ಗಡಿಯಾರ ನೋಡುತ್ತಾರೆ. ಮನೆ ಮುಟ್ಟಿದಾಗ ಒಂಬತ್ತು ಹದಿನೈದು.

ವಿಷಯ ಪೂರ್ತಿ ಕೇಳುವ ಮೊದಲೇ ಶಂಕರೆಪ್ಪ ಕೈ ಚಾಚುತ್ತಾರೆ. "ಕೊಡ್ರಿ ಬಾಯಾರ, ಎಲ್ಲಿ ಮಾಡ್ಲಿ ಸಹಿ?"

"ನಿಮ್ಮದಲ್ಲರಿ ಅಣ್ಣಾರ. ಅವರದ ಬೇಕು."

"ಬ್ಯಾಂಕಿನ್ಯಾಗ ನಂದು ನಡೀತೈತಿ, ನಿಮ್ಮಲ್ಲಿ ಯಾಕ ನಡಿಯೂದಿಲ್ಲ?" ದನಿಯಲ್ಲಿ ಸಿಟ್ಟಿಗಿಂತ ಅವಮಾನವೇ ಹೆಚ್ಚು. ಹಾಳೆ ಅವರ ಕೈಯಲ್ಲೇ ಉಳಿಯುತ್ತದೆ. ಅಕ್ಕನಾಗಮ್ಮ ಒಳಬಾಗಿಲಲ್ಲಿ ನಿಂತಿದ್ದಾರೆ, ಹೊರಬರುವುದಿಲ್ಲ.

"ಸಹಿ ಮಾಡಿದ್ರ ನನಗೇನರ ಆದೀತೇನ್ರಿ?" ಎಂದು ಅಲ್ಲಿಂದಲೇ ಕೇಳುತ್ತಾರೆ.

"ಏನೂ ಆಗೂದಿಲ್ಲ. ನಿಮಗ ಬ್ಯಾಡಂದ್ರ ಬ್ಯಾಡ. ನಾನ ಫೋಟೋ ತಗಸತೀನಿ, ಹೊಳ್ಳಿ ಹೋಗತೀನಿ," ಎನ್ನುತ್ತಾರೆ ದ್ವಾರಕಾ ಬಾಯಿ. ಹನ್ನೊಂದು ಸಲ ಅಲೆದವರು ಇದನ್ನು ಹೇಳಬೇಕಾದರೆ ಮನಸ್ಸು ಎಷ್ಟು ಗಟ್ಟಿ ಇರಬೇಕು!

ಒಂಬತ್ತು ನಲವತ್ತು. ಅಕ್ಕನಾಗಮ್ಮ ಹೊರಬಂದು ಮೊಬೈಲಿನಲ್ಲಿ ಚಿತ್ರವನ್ನು ಮತ್ತೊಮ್ಮೆ ನೋಡುತ್ತಾರೆ. "ಇದರ ಬುಡಕ ಹೆಸರಿಲ್ಲಲಾ?"

"ನೀವು ಹೇಳಿದ್ರ ಹಾಕತೀನಿ."

"ಹಾಕ್ರಿ. ನಂದ ಹಾಕ್ರಿ. ಇವರ ಹೆಸರು ಬ್ಯಾಡ, ಮಗ್ಗ ಇವರು ನಡಸೂದಿಲ್ಲ." ಹೇಳಿ, ಗಂಡನ ಕೈಯಿಂದ ಹಾಳೆ ತೆಗೆದುಕೊಳ್ಳುತ್ತಾರೆ. ಶಂಕರೆಪ್ಪ ಕಿಸೆಯಲ್ಲಿದ್ದ ಪೆನ್ನನ್ನು ತಾವೇ ಕೊಡುತ್ತಾರೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ನಂತರ ಅಕ್ಕನಾಗಮ್ಮ ಕಾಗದದ ಮೇಲೆ ಬರೆಯುತ್ತಿರುವ ಮೊದಲ ಕನ್ನಡ ಅಕ್ಷರಗಳಿವು. ನಿಧಾನವಾಗಿ, ಒತ್ತಿ ಒತ್ತಿ ಬರೆಯುತ್ತಾರೆ.

ಅಂಗಳದಲ್ಲಿ ನೆಟ್‌ವರ್ಕ್ ಇಲ್ಲ. ದ್ವಾರಕಾ ಬಾಯಿ ಸೀರೆ ಎತ್ತಿಕಟ್ಟಿ ಮಾಳಿಗೆ ಹತ್ತುತ್ತಾರೆ. ಒಂಬತ್ತು ಐವತ್ತಾರಕ್ಕೆ ಪತ್ರ ಹೋಗುತ್ತದೆ. ಹತ್ತೂ ಇಪ್ಪತ್ತಕ್ಕೆ ಉತ್ತರ: ಚಿತ್ರ ಉಳಿಯುತ್ತದೆ, ಮೊದಲ ಚಿತ್ರವಾಗಿ ಉಳಿಯಬೇಕೇ ಎಂಬ ಚರ್ಚೆ ಮುಂದುವರಿಯುತ್ತದೆ. ಉತ್ತರ ಬರೆದವರು ದ್ವಾರಕಾ ಬಾಯಿಯನ್ನು "ಸರ್" ಎಂದೇ ಕರೆದಿದ್ದಾರೆ. ಅಲ್ಲಿನ ತಮ್ಮ ಪರಿಚಯದ ಪುಟದಲ್ಲಿ ಅವರು ಆರು ವರ್ಷಗಳಿಂದ ಹಾಕಿರುವುದು ತಮ್ಮದಲ್ಲ, ಒಂದು ಗುಬ್ಬಿಯ ಚಿತ್ರ.

ಈ ಲೇಖನಕ್ಕೊಂದು ಫೋಟೋ ಬೇಕೆಂದು ನಾನು ಮೊಬೈಲು ಎತ್ತುತ್ತೇನೆ. ಅವರು ಥಟ್ಟನೆ ಪಕ್ಕಕ್ಕೆ ಸರಿದು ಅಕ್ಕನಾಗಮ್ಮನನ್ನು ಮುಂದೆ ಬಿಡುತ್ತಾರೆ. ಸರಿದದ್ದು ತಮಗೇ ಗೊತ್ತಾಗಿ ನಿಲ್ಲುತ್ತಾರೆ. ನಗು ಬರುತ್ತದೆ, ಕಣ್ಣಲ್ಲಿ ನೀರೂ ಬರುತ್ತದೆ. ಮತ್ತೆ ತಮ್ಮ ಜಾಗಕ್ಕೆ ಬಂದು, ಸೆರಗು ಸರಿಮಾಡಿಕೊಂಡು, ಕೈ ಚಾಚುತ್ತಾರೆ.

"ಮೊದಲ ಒಪ್ಪಿಗಿ ಪತ್ರ ಕೊಡ್ರಿ. ನನ್ನ ಸಹಿ ನಾನ ಮಾಡತೀನಿ."